ದಡಕ್ಕೆ ಹೆದರು, ಕಡಲಿಗಲ್ಲ

ಅಳಿಯಾ,

ಗೋವಾದಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದೀಯಂತೆ. ಲಾರಿಗೆ ಹೇರಿ ತರುವುದು ಬಿಟ್ಟು, ಸ್ನೇಹಿತರಿಬ್ಬರ ಜತೆ ಕಡಲ ದಾರಿಯಲ್ಲೇ ಮಂಗಳೂರಿಗೆ ತರುತ್ತೀಯಂತೆ. ನಿನ್ನಮ್ಮ ಫೋನ್ ಮಾಡಿ ಹೇಳಿದಳು. ‘ನೀನಾದರೂ ಬೇಡ ಅನ್ನು ಅಣ್ಣಾ, ನಿನ್ನ ಮಾತಾದರೆ ಕೇಳುತ್ತಾನೆ’ ಅಂದಳು. ನಾನು ಬೇಡ ಅನ್ನುವುದಿಲ್ಲ. ಹೊಟ್ಟೆಪಾಡಿಗೆ ಕಡಲಿಗಿಳಿದವನು ನಾನು. ಖುಷಿಗೆ ಇಳಿಯುವವರನ್ನು ತಡೆಯಲು ನಾನ್ಯಾರು? ನಿನ್ನಮ್ಮ ಹೆದರುವುದರಲ್ಲಿ ತಪ್ಪಿಲ್ಲ, ಹೆದರುವ ಜಾಗ ಮಾತ್ರ ತಪ್ಪಿದೆ. ಅವಳು ನಡುಕಡಲಿಗೆ ಹೆದರುತ್ತಾಳೆ. ನೀನು ದಡಕ್ಕೆ ಹೆದರಬೇಕು.

ನಡುಕಡಲಲ್ಲಿ ದೋಣಿಗೆ ತಾಗುವಂಥದ್ದು ಹೆಚ್ಚೇನೂ ಇಲ್ಲ. ಗಾಳಿ ಜೋರಾದರೆ ಹಾಯಿ ಇಳಿಸಿ ತೇಲುತ್ತಾ ಕೂರಬಹುದು. ದಡದ ಹತ್ತಿರ ಹಾಗಲ್ಲ. ಬಂಡೆ, ಮರಳದಿಣ್ಣೆ, ಬಲೆ, ನದಿ ಕಡಲು ಸೇರುವ ಅಳಿವೆಯಲ್ಲಿ ಮುರಿಯುವ ಅಲೆ ಎಲ್ಲವೂ ಇರುವುದು ದಡದ ಮಗ್ಗುಲಲ್ಲೇ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆನಪಿದೆಯಲ್ಲ? ಅದು ನಮ್ಮಲ್ಲಿ ದಡ ಹತ್ತಲೇ ಇಲ್ಲ; ಹೊರಗಡಲಲ್ಲೇ ಬಡಗಿಗೆ ಸಾಗಿ ಗುಜರಾತ್ ಸೇರಿತು. ಆದರೂ ಇಲ್ಲಿ ಒಂದು ಟಗ್ ಬೋಟು ಮಗುಚಿ ಜೀವಹಾನಿಯಾಯಿತು. ಇನ್ನೊಂದು ಬಂಡೆಗಳ ನಡುವೆ ಸಿಕ್ಕಿಹಾಕಿಕೊಂಡು, ಅದರಲ್ಲಿದ್ದ ಕೆಲವರನ್ನು ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. ಅನುಭವವಿದ್ದ ಸಿಬ್ಬಂದಿ, ಬಲವಾದ ಎಂಜಿನ್ ಎಲ್ಲ ಇದ್ದ ಬೋಟುಗಳಿಗೇ ಹೀಗಾಯಿತು.

ಇನ್ನೊಂದು ಮಾತು. ದಣಿದವನನ್ನು ದಡ ಕರೆಯುತ್ತದೆ. ಸಂಜೆಯಾಗುತ್ತಾ ಬಂದಿರುತ್ತದೆ, ಉಪ್ಪುನೀರು ಕುಡಿದ ಬಟ್ಟೆ ಮೈಗಂಟಿರುತ್ತದೆ, ಬಂದರಿನ ದೀಪ ಕಾಣುತ್ತಿರುತ್ತದೆ. ‘ಇನ್ನೇನು ಬಂದೇ ಬಿಟ್ಟೆವು’ ಅನ್ನಿಸುವ ಆ ಗಳಿಗೆಯಲ್ಲೇ ಬುದ್ಧಿ ಕೈಕೊಡುವುದು. ಮುಂದೆ ನಾನು ಹೇಳುವುದೆಲ್ಲ ಆ ಗಳಿಗೆಯನ್ನು ದಾಟುವ ಉಪಾಯ, ಅಷ್ಟೆ.

ಮೊದಲು ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅನ್ನುವುದು ನಿನಗೂ ಗೊತ್ತು. ನಿನ್ನಂಥವರಿಗೆ ಕಡಲು ಮುಚ್ಚುವುದು ಅದಕ್ಕೂ ಮೊದಲೇ. ಮೇ ಕೊನೆಯ ಪತ್ತನಾಜೆ ಹತ್ತಿರ ಬಂತು ಅಂದರೆ ದೋಣಿ ನೀರಲ್ಲಿರಬಾರದು. ಶ್ರಾವಣದ ನೂಲ ಹುಣ್ಣಿಮೆಗೆ ಮೊಗವೀರರು ಕಡಲಿಗೆ ಹಾಲು ಹೊಯ್ದು ಪೂಜೆ ಮಾಡಿ ಇಳಿಯುತ್ತಾರಲ್ಲ ಅಂತ ನೀನೂ ಆಗಲೇ ಹೊರಡಬೇಡ. ಅವರ ಬೋಟು ಬೇರೆ, ಅವರ ಕೈ ಬೇರೆ. ಅಕ್ಟೋಬರ್, ನವೆಂಬರ್ ಅರಬ್ಬಿ ಸಮುದ್ರದಲ್ಲಿ ತೂಫಾನ್ ಏಳುವ ತಿಂಗಳು. ಓಖಿ ಬಂದದ್ದು 2017ರ ನವೆಂಬರ್ ಕೊನೆಗೆ, ಕ್ಯಾರ್ ಬಂದದ್ದು 2019ರ ಅಕ್ಟೋಬರಿನಲ್ಲಿ. ಜನವರಿ, ಫೆಬ್ರವರಿ ನಿನ್ನ ತಿಂಗಳು ಅಂದುಕೋ.

ಆ ತಿಂಗಳುಗಳಲ್ಲಿ ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇರುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ಮೂಡುಗಾಳಿ ಬೀಸತೊಡಗುತ್ತದೆ, ಬೆಳಿಗ್ಗೆ ಒಂಬತ್ತು ಹತ್ತು ಗಂಟೆಯವರೆಗೂ ಇರುತ್ತದೆ. ಆಮೇಲೆ ಗಾಳಿ ಸತ್ತು ಹೋಗಿ ಕಡಲು ಎಣ್ಣೆ ಹೊಯ್ದ ಹಾಗೆ ಮಲಗುತ್ತದೆ. ಮಧ್ಯಾಹ್ನ ನೆಲ ಕಾದ ಮೇಲೆ ಬಡಗು-ಪಡುವಣದಿಂದ ಕಡಲ ಗಾಳಿ ಏಳುತ್ತದೆ, ಸಂಜೆಯವರೆಗೆ ಏರುತ್ತಾ ಹೋಗಿ ಸೂರ್ಯ ಮುಳುಗಿದ ಮೇಲೆ ಇಳಿಯುತ್ತದೆ. ನೀನು ತೆಂಕಿಗೆ ಬರುವವನಾದ್ದರಿಂದ ಅದೃಷ್ಟವಂತ. ಬೆಳಗಿನ ಗಾಳಿ ಎಡಗಡೆಯಿಂದ, ಮಧ್ಯಾಹ್ನದ್ದು ಬಲಹಿಂದಿನಿಂದ, ಎರಡೂ ನಿನ್ನನ್ನು ಮುಂದಕ್ಕೇ ತಳ್ಳುತ್ತವೆ. ಮಂಗಳೂರಿನಿಂದ ಗೋವಾಕ್ಕೆ ಹೋಗುವವನಿಗೆ ಮಧ್ಯಾಹ್ನದ ಗಾಳಿ ಮುಖಕ್ಕೇ ಹೊಡೆಯುತ್ತದೆ. ಹಾಗಾಗಿ ಬೆಳಕು ಹರಿಯುವ ಮೊದಲೇ ಲಂಗರು ಎತ್ತು, ಮಧ್ಯಾಹ್ನ ಮೂರು ಗಂಟೆಯೊಳಗೆ ಮುಂದಿನ ಜಾಗದಲ್ಲಿ ಲಂಗರು ಇಳಿಸು. ಗಾಳಿ ಜೋರಾಗುವ ಹೊತ್ತಿಗೆ ನೀನು ಚಹಾ ಕುಡಿಯುತ್ತಾ ಕೂತಿರಬೇಕು.

ದೂರ ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. ಅಕ್ಷಾಂಶದ ಒಂದು ಮಿನಿಟು ಅಂದರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. ನಮ್ಮ ಕರಾವಳಿ ಹೆಚ್ಚುಕಮ್ಮಿ ಬಡಗಿನಿಂದ ತೆಂಕಿಗೆ ಚಾಚಿದ್ದರಿಂದ ಎರಡು ಬಂದರುಗಳ ಅಕ್ಷಾಂಶ ಕಳೆದರೆ ದೂರ ಸಿಕ್ಕಿಬಿಡುತ್ತದೆ. ಮಲ್ಪೆ 13 ಡಿಗ್ರಿ 21 ಮಿನಿಟು, ಮಂಗಳೂರಿನ ಅಳಿವೆ 12 ಡಿಗ್ರಿ 51 ಮಿನಿಟು: 30 ಮೈಲು. ನಿನ್ನ ದೋಣಿ ಗಂಟೆಗೆ ನಾಲ್ಕು ಮೈಲು ಓಡಿದರೆ ಏಳೂವರೆ ಗಂಟೆಯ ದಾರಿ. ಪಣಜಿಯಿಂದ ಇಲ್ಲಿಗೆ ದಾರಿಯ ಓರೆಯೂ ಸೇರಿ ಸುಮಾರು 170 ಮೈಲು. ಪಾಳೋಲೆಂ, ಕಾರವಾರ, ತದಡಿ, ಭಟ್ಕಳ, ಗಂಗೊಳ್ಳಿ, ಮಲ್ಪೆ ಅಂತ ತುಂಡು ಮಾಡಿಕೊಂಡರೆ ತದಡಿಯಿಂದ ಭಟ್ಕಳದ ತುಂಡೊಂದೇ ತುಸು ಉದ್ದ, ಉಳಿದವು ಹಗಲಿನೊಳಗೆ ಆರಾಮವಾಗಿ ಮುಗಿಯುತ್ತವೆ. ಐದು ಮೈಲಿನ ಲೆಕ್ಕದಲ್ಲಿ ಯೋಜನೆ ಹಾಕಬೇಡ. ದೋಣಿ ಮಾರಿದವನು ಐದು ಅಂತಲೇ ಹೇಳಿರುತ್ತಾನೆ. ನಾಲ್ಕೇ ಇಟ್ಟುಕೋ.

ಗಾಳಿ ಹಿಂದಿನಿಂದ ಬರುವುದು ಸುಖ ಅಂದೆ, ಆದರೆ ಆ ಸುಖಕ್ಕೂ ಒಂದು ಮಗ್ಗುಲಿದೆ. ದೊಡ್ಡ ಹಾಯಿಯ ಅಡಿಗಿರುವ ಅಡ್ಡಮರ, ನೀವೆಲ್ಲ ಬೂಮ್ ಅನ್ನುತ್ತೀರಲ್ಲ, ಅದು ಚುಕ್ಕಾಣಿ ಹಿಡಿದವನು ಒಂದು ಕ್ಷಣ ಮೈಮರೆತರೂ ಎಡದಿಂದ ಬಲಕ್ಕೆ ಬೀಸಿ ಬರುತ್ತದೆ. ಅದರ ದಾರಿಯಲ್ಲಿ ತಲೆಯಿದ್ದರೆ ಮುಗಿಯಿತು. ಬೂಮನ್ನು ಮುಂದಕ್ಕೆ ಒಂದು ಹಗ್ಗದಿಂದ ಬಿಗಿದು ಕಟ್ಟಿಡಿ. ನಿಂತು ಓಡಾಡುವ ಚಟ ಬಿಡಿ. ಇನ್ನೊಂದು, ಗಾಳಿ ಹಿಂದಿದ್ದಾಗ ಅದರ ಜೋರು ತಿಳಿಯುವುದೇ ಇಲ್ಲ. ಗಾಳಿಯ ವೇಗ ಎರಡರಷ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕರಷ್ಟಾಗುತ್ತದೆ. ಹಾಯಿ ಕಿರಿದು ಮಾಡಬೇಕೇನೋ ಅಂತ ಮೂವರಲ್ಲಿ ಒಬ್ಬರಿಗೆ ಅನ್ನಿಸಿದರೂ ಆಗಲೇ ಮಾಡಿ. ಮತ್ತೆ ಬಿಚ್ಚುವುದಕ್ಕೆ ಐದು ನಿಮಿಷ ಸಾಕು.

ಈಗ ಅಳಿವೆಯ ಮಾತು. ಬೇರೆ ಏನು ಮರೆತರೂ ಇದನ್ನು ಮರೆಯಬೇಡ.

ನಮ್ಮ ಬಂದರುಗಳು ಹೆಚ್ಚಿನವು ನದಿಯ ಬಾಯಲ್ಲಿವೆ. ನದಿ ಮರಳು ತರುತ್ತದೆ, ಕಡಲು ಅದನ್ನು ಹಿಂದಕ್ಕೆ ತಳ್ಳುತ್ತದೆ. ಇಬ್ಬರ ಜಗಳದಲ್ಲಿ ಬಾಗಿಲಿಗೆ ಅಡ್ಡಲಾಗಿ ದಿಣ್ಣೆ ಬೀಳುತ್ತದೆ. ಪ್ರತಿ ಮಳೆಗಾಲ ಕಳೆದ ಮೇಲೆ ಅದು ಜಾಗ ಬದಲಿಸುತ್ತದೆ. ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿಯ ನಕ್ಷೆ ನಿನ್ನ ಹತ್ತಿರ ಇರಲೇಬೇಕು, ಆದರೆ ಈ ವರ್ಷದ ದಿಣ್ಣೆ ಆ ನಕ್ಷೆಗೆ ಗೊತ್ತಿರುವುದಿಲ್ಲ. ಗೊತ್ತಿರುವುದು ಅಲ್ಲಿ ದಿನವೂ ಒಳಗೆ ಹೊರಗೆ ಮಾಡುವ ಬೋಟಿನವರಿಗೆ.

ಅಳಿವೆಯಲ್ಲಿ ಅಲೆ ಏಳುವ ಬಗೆ ತಿಳಿದುಕೋ. ನೀರು ಇಳಿಯುವಾಗ ನದಿ ಜೋರಾಗಿ ಹೊರಗೆ ನುಗ್ಗುತ್ತದೆ, ಎದುರಿನಿಂದ ಕಡಲ ಅಲೆ ಒಳಗೆ ಬರುತ್ತದೆ. ಎದುರು ಹರಿವು ಸಿಕ್ಕಿದ ಅಲೆ ಒತ್ತೊತ್ತಾಗಿ, ಎತ್ತರವಾಗಿ, ಕಡಿದಾಗಿ ಎದ್ದುನಿಲ್ಲುತ್ತದೆ. ಕೆಳಗೆ ದಿಣ್ಣೆ ಇದ್ದರೆ ಅಲ್ಲೇ ಮುರಿಯುತ್ತದೆ. ಅಂಥ ಅಲೆ ಹಿಂದಿನಿಂದ ಬಂದು ದೋಣಿಯ ಹಿಂಭಾಗ ಎತ್ತಿದರೆ ಚುಕ್ಕಾಣಿ ನೀರಿನಿಂದ ಹೊರಬಂದು ಕೆಲಸ ಮಾಡುವುದಿಲ್ಲ. ದೋಣಿ ಅಡ್ಡ ತಿರುಗುತ್ತದೆ, ಮುಂದಿನ ಅಲೆ ಅದನ್ನು ಮಗುಚುತ್ತದೆ. ಎರಡು ಅಲೆಗಳ ನಡುವೆ ಇಷ್ಟೆಲ್ಲ ಆಗಿಹೋಗುತ್ತದೆ. ಆದ್ದರಿಂದ ನೀರು ಏರುವ ಹೊತ್ತಿನ ಕೊನೆಯ ಒಂದೆರಡು ಗಂಟೆಯಲ್ಲೇ ಒಳಗೆ ಹೋಗು. ಆಗ ಹರಿವೂ ಅಲೆಯೂ ಒಂದೇ ಕಡೆ ಸಾಗುತ್ತವೆ, ದಿಣ್ಣೆಯ ಮೇಲೆ ನೀರೂ ಹೆಚ್ಚಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಎರಡೂ ಜೋರು, ಆ ದಿನಗಳಲ್ಲಿ ಇನ್ನಷ್ಟು ಹುಷಾರು.

ಗಾಳಿ ಇಲ್ಲ, ಕಡಲು ಶಾಂತ, ಹಾಗಾಗಿ ಅಳಿವೆಯೂ ಶಾಂತ ಅಂದುಕೊಳ್ಳಬೇಡ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬರುತ್ತದೆ. ಆಳ ನೀರಿನಲ್ಲಿ ಅದು ದೋಣಿಯನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ, ನಿನಗೆ ಗೊತ್ತೇ ಆಗುವುದಿಲ್ಲ. ಅದೇ ಅಲೆ ದಿಣ್ಣೆಯ ಮೇಲೆ ಬಂದಾಗ ಗೋಡೆಯಾಗುತ್ತದೆ. ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಈ ಅಲೆಗಳ ಮುನ್ಸೂಚನೆ ಕೊಡುತ್ತದೆ. ಹೊರಡುವ ಮುಂಚೆ ಹವಾಮಾನ ಇಲಾಖೆಯ ಗಾಳಿಯ ವರದಿ ನೋಡುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡು.

ಅಳಿವೆ ಎದುರಿಗೆ ಬಂದ ಮೇಲೆ ನೇರ ನುಗ್ಗಬೇಡ. ಹೊರಗೇ ನಿಂತು ಹದಿನೈದು ನಿಮಿಷ ನೋಡು. ಹೊರಗಡೆಯಿಂದ ಅಲೆಯ ಬೆನ್ನು ಮಾತ್ರ ಕಾಣುತ್ತದೆ. ಮುಖ ಅದಕ್ಕಿಂತ ದೊಡ್ಡದಿರುತ್ತದೆ. ಎಂಜಿನ್ ಮೊದಲೇ ಚಾಲೂ ಮಾಡಿಟ್ಟು ಬಿಸಿಯಾಗಲು ಬಿಡು, ಲೈಫ್ ಜಾಕೆಟ್ ಮೂವರೂ ಹಾಕಿಕೊಳ್ಳಿ, ಲಂಗರು ಇಳಿಸಲು ಸಿದ್ಧವಿರಲಿ. ಊರಿನ ಬೋಟೊಂದು ಒಳಗೆ ಹೋಗುವುದು ಕಂಡರೆ ಅದರ ಹಿಂದೆ ಅದೇ ಗೆರೆಯಲ್ಲಿ ಹೋಗು. ಬೋಟಿನವರೇ ಹೊರಗೆ ಕಾದು ನಿಂತಿದ್ದರೆ ನೀನೂ ಕಾಯಿ. ಶರಾವತಿಯ ಬಾಯಿ, ಹೊನ್ನಾವರದ ಅಳಿವೆ, ಅಲ್ಲೇ ಹುಟ್ಟಿ ಬೆಳೆದ ಮೀನುಗಾರರ ಬೋಟುಗಳನ್ನೂ ಬಿಟ್ಟಿಲ್ಲ. ಅದನ್ನು ನಿನ್ನ ಪಟ್ಟಿಗೆ ಸೇರಿಸದೆ ಬಿಟ್ಟದ್ದು ಅದಕ್ಕೇ.

‘ಒಳಗೆ ಹೋಗಲಾಗದಿದ್ದರೆ ರಾತ್ರಿ ಎಲ್ಲಿ?’ ಅಂತ ಕೇಳುತ್ತೀಯ. ಇದಕ್ಕೆ ಉತ್ತರ ಬೆಳಿಗ್ಗೆ ಹೊರಡುವ ಮುಂಚೆಯೇ ಬರೆದಿಟ್ಟಿರಬೇಕು. ಪ್ರತಿ ದಿನಕ್ಕೂ ಅಳಿವೆ ದಾಟಬೇಕಿಲ್ಲದ ಒಂದು ಜಾಗ ಇಟ್ಟುಕೋ. ಕಾರವಾರದ ಬೈತಖೋಲದ ಹಾಗೆ ಗುಡ್ಡದ ಆಸರೆಯಿರುವ ಕೊಲ್ಲಿಗಳು ಅದಕ್ಕೇ ಇರುವುದು. ಈ ಕಾಲದ ಗಾಳಿಗೆ ಕಡಲಿಗೆ ಚಾಚಿದ ಗುಡ್ಡದ ತೆಂಕು ಮಗ್ಗುಲು ಆಸರೆ. ಲಂಗರಿನ ಲೆಕ್ಕವೂ ಗೊತ್ತಿರಲಿ: ನೀರಿನ ಆಳ ನಾಲ್ಕು ಮೀಟರ್, ಏರುವ ನೀರು ಒಂದೂವರೆ, ದೋಣಿಯ ಮೂತಿ ನೀರಿನಿಂದ ಒಂದು ಮೀಟರ್ ಮೇಲೆ, ಒಟ್ಟು ಆರೂವರೆ. ಅದರ ಐದು ಪಟ್ಟು, ಅಂದರೆ ಸುಮಾರು 33 ಮೀಟರ್ ಸರಪಣಿ, ಹಗ್ಗ ಬಿಡಬೇಕು. ಗಾಳಿ ಹೆಚ್ಚಿದ್ದರೆ ಏಳು ಪಟ್ಟು. ಬಿಟ್ಟ ಮೇಲೆ ಎಂಜಿನ್ ಹಿಂದಕ್ಕೆ ಓಡಿಸಿ ಲಂಗರು ಕಚ್ಚಿದೆಯೇ ಅಂತ ಎಳೆದು ನೋಡು. ದಡದಲ್ಲಿ ಎರಡು ಗುರುತು, ಒಂದು ದೇವಸ್ಥಾನದ ಶಿಖರ, ಅದರ ಹಿಂದೊಂದು ಟವರ್, ಒಂದೇ ಸಾಲಿನಲ್ಲಿ ಕಾಣುವ ಹಾಗೆ ಹಿಡಿದಿಟ್ಟುಕೋ. ಸಾಲು ತಪ್ಪಿದರೆ ಲಂಗರು ಜಾರುತ್ತಿರಬಹುದು. ಆದರೆ ನಡುರಾತ್ರಿ ಮೂಡುಗಾಳಿ ಶುರುವಾದಾಗ ದೋಣಿ ಪೂರ್ತಿ ತಿರುಗಿ ನಿಲ್ಲುತ್ತದೆ, ಹಗಲು ಹಿಂದಿದ್ದ ಜಾಗ ಮುಂದಾಗುತ್ತದೆ. ಹೆದರಬೇಡ, ಹಾಗೆ ತಿರುಗಲು ಸುತ್ತ ಜಾಗವಿದೆಯೇ ಅಂತ ಸಂಜೆಯೇ ನೋಡಿಟ್ಟಿರು. ಅಷ್ಟೂ ಆಗದಿದ್ದರೆ ದಡದಿಂದ ದೂರ ಹೋಗಿ ರಾತ್ರಿ ಕಳೆ. ನಿದ್ದೆ ಕೆಡುತ್ತದೆ, ದೋಣಿ ಉಳಿಯುತ್ತದೆ.

ರಾತ್ರಿ ಹೊರಗೆ ಉಳಿಯಬೇಕಾಗಿ ಬಂದರೆ ಎರಡಕ್ಕೆ ಎಚ್ಚರ. ಒಂದು, ದೊಡ್ಡ ಹಡಗು. ನಿನ್ನ ದೋಣಿಯಲ್ಲಿ ಕೂತವನ ಕಣ್ಣಿಗೆ ದಿಗಂತ ಮೂರು ಮೈಲಿಗಿಂತ ಆಚೆ ಇರುವುದಿಲ್ಲ. ದೊಡ್ಡ ಹಡಗು ಚೆನ್ನಾಗಿ ಕಂಡಿತು ಅನ್ನುವುದರಿಂದ ಮೈಮೇಲೆ ಬಂತು ಅನ್ನುವುದರವರೆಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಕೆಂಪು, ಹಸಿರು ದೀಪ ಎರಡೂ ಒಟ್ಟಿಗೆ ಕಂಡರೆ ಅದು ನಿನ್ನತ್ತಲೇ ಬರುತ್ತಿದೆ ಅಂತ ಅರ್ಥ. ಮೋಟಾರು ಹಡಗು ಹಾಯಿದೋಣಿಗೆ ದಾರಿ ಬಿಡಬೇಕು ಅಂತ ನಿಯಮವಿದೆ. ನಿಯಮ ಹಡಗಿನವನಿಗೆ ನೆನಪಿರುತ್ತದೆ ಅಂತ ನಂಬಿ ಕೂರಬೇಡ. ಪಣಂಬೂರಿನ ಹೊರಗೆ ಲಂಗರು ಹಾಕಿದ ಹಡಗುಗಳ ಸಾಲಿರುತ್ತದೆ, ಅಲ್ಲಿ ಹಗಲಲ್ಲೇ ದಾಟು.

ಎರಡು, ಬಲೆ. ಬಲೆ ಹಾಕಿದ ಬೋಟಿಗೆ ಹಾಯಿದೋಣಿಯೇ ದಾರಿ ಬಿಡಬೇಕು, ಇದೂ ನಿಯಮ. ಟ್ರಾಲ್ ಬೋಟಿನ ಹಿಂದೆ ಬಲೆ ಉದ್ದಕ್ಕೆ ಇರುತ್ತದೆ, ಹತ್ತಿರದಿಂದ ದಾಟಬೇಡ. ಪರ್ಸೀನ್ ಬೋಟು ಮೀನಿನ ಗುಂಪಿನ ಸುತ್ತ ಬಲೆ ಬಿಡುತ್ತಿದ್ದರೆ ದೂರದಿಂದಲೇ ಸುತ್ತಿ ಹೋಗು. ನೀರಲ್ಲಿ ಬಿಟ್ಟ ಬಲೆಯ ತುದಿಗೆ ಕೆಲವೊಮ್ಮೆ ಮಿಣುಕು ದೀಪ, ಕೆಲವೊಮ್ಮೆ ಬರೀ ಒಂದು ಕ್ಯಾನು. ಎಂಜಿನಿನ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಎಂಜಿನ್ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೋ, ಆಮೇಲೆ ಹಗ್ಗ ಕಟ್ಟಿಕೊಂಡ ಒಬ್ಬರು ಮಾತ್ರ ಚಾಕು ಹಿಡಿದು ಇಳಿಯಿರಿ. ಬಲೆ ನಿಮ್ಮಿಂದ ಹರಿದಿದ್ದರೆ ತಪ್ಪಿಸಿಕೊಂಡು ಓಡಬೇಡಿ. ನಿಂತು ಮಾತಾಡಿ, ನಷ್ಟ ಕೊಡಿ. ಅದು ಒಂದು ಮನೆಯ ಅನ್ನ. ನಾಳೆ ಅಳಿವೆಯಲ್ಲಿ ನಿಮಗೆ ದಾರಿ ತೋರಿಸುವವರೂ ಅವರೇ. ಬಂದರಿಗೆ ಹೋದ ಕೂಡಲೇ ದಕ್ಕೆಯಲ್ಲಿ ಯಾರಾದರೂ ಬೋಟು ನಡೆಸುವ ಹಳೆಯ ತಾಂಡೇಲರನ್ನು ಹುಡುಕಿ, ‘ಮುಂದಿನ ಅಳಿವೆ ಹೇಗಿದೆ ಅಣ್ಣ?’ ಅಂತ ಕೇಳು. ಯಾವ ಆ್ಯಪ್‌ನಲ್ಲೂ ಇಲ್ಲದ ಉತ್ತರ ಸಿಗುತ್ತದೆ.

ಗುರುತುಗಳ ವಿಷಯದಲ್ಲಿ ನಮ್ಮ ಕರಾವಳಿ ಉದಾರಿ. ಮುರ್ಡೇಶ್ವರದ 123 ಅಡಿಯ ಶಿವ, ಪಕ್ಕದ ರಾಜಗೋಪುರ ಬಹಳ ದೂರದಿಂದ ಕಾಣುತ್ತವೆ. ಕಾಪುವಿನ ದೀಪಸ್ತಂಭ 1901ರಿಂದ ದಾರಿ ತೋರಿಸುತ್ತಿದೆ. ಆದರೆ ಕಂಡ ದ್ವೀಪಕ್ಕೆಲ್ಲ ಹೋಗುವ ಆಸೆ ಬೇಡ. ಕಾರವಾರದ ಅಂಜುದೀವ್ ನೌಕಾಪಡೆಯದು, ಕದಂಬ ನೌಕಾನೆಲೆಯ ಸುತ್ತಲ ನೀರಿಗೆ ಕಾಲಿಡುವಂತಿಲ್ಲ. ನೇತ್ರಾಣಿಯನ್ನು ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಬಳಸಿದ್ದುಂಟು, ವಿಚಾರಿಸದೆ ಆ ಕಡೆ ತಿರುಗಬೇಡ. ಮಲ್ಪೆಯ ಸೈಂಟ್ ಮೇರೀಸ್ ಸುತ್ತ ಬಂಡೆಗಳಿವೆ, ಕತ್ತಲಲ್ಲಿ ಹತ್ತಿರ ಸುಳಿಯಬೇಡ.

ಕಾಗದಪತ್ರದಲ್ಲಿ ಉದಾಸೀನ ಬೇಡ. 2008ರಲ್ಲಿ ಮುಂಬಯಿಗೆ ಉಗ್ರರು ಬಂದದ್ದು ಮೀನುಗಾರಿಕೆ ಬೋಟೊಂದನ್ನು ಅಪಹರಿಸಿ, ಕಡಲ ದಾರಿಯಲ್ಲಿ. ಅಂದಿನಿಂದ ಅಪರಿಚಿತ ದೋಣಿ ಕಂಡರೆ ಪ್ರಶ್ನೆ ಬರುತ್ತದೆ, ಬರಬೇಕಾದ್ದೇ. ದೋಣಿಯ ನೋಂದಣಿ, ಮೂವರ ಗುರುತಿನ ಚೀಟಿ ನೀರು ತಾಗದ ಚೀಲದಲ್ಲಿರಲಿ. ಬಂದರಿನ ಅಧಿಕಾರಿಗಳಿಗೂ ಕರಾವಳಿ ಕಾವಲು ಪೊಲೀಸರಿಗೂ ಬರುವ ಮೊದಲೇ ತಿಳಿಸು. ಸ್ಯಾಟಲೈಟ್ ಫೋನ್ ಯಾರಾದರೂ ಕೊಟ್ಟರೂ ತೆಗೆದುಕೊಳ್ಳಬೇಡ, ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಅದನ್ನು ಇಟ್ಟುಕೊಳ್ಳುವುದು ಅಪರಾಧ. ವಿಎಚ್ಎಫ್ ರೇಡಿಯೋ ಇರಲಿ, 16ನೇ ಚಾನೆಲ್ ಸದಾ ಕೇಳುತ್ತಿರಲಿ. ಕೋಸ್ಟ್ ಗಾರ್ಡ್ ಸಹಾಯವಾಣಿ 1554, ಕರಾವಳಿ ಕಾವಲು ಪೊಲೀಸರದು 1093. ಈ ಎರಡನ್ನೂ ಚುಕ್ಕಾಣಿಯ ಹತ್ತಿರ ದೊಡ್ಡದಾಗಿ ಬರೆದು ಅಂಟಿಸು.

ದಡದಲ್ಲಿ ಒಬ್ಬರ ಕೈಯಲ್ಲಿ ನಿಮ್ಮ ದಾರಿಯ ಚೀಟಿ ಇರಬೇಕು: ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ, ಎಷ್ಟು ಗಂಟೆಯೊಳಗೆ ಫೋನ್ ಬಾರದಿದ್ದರೆ 1554ಕ್ಕೆ ಕರೆ ಮಾಡಬೇಕು ಅಂತ. ಮಲ್ಪೆಯಿಂದ ಏಳು ಮಂದಿಯೊಂದಿಗೆ ಹೊರಟ ಮೀನುಗಾರಿಕೆ ಬೋಟು ‘ಸುವರ್ಣ ತ್ರಿಭುಜ’ 2018ರ ಡಿಸೆಂಬರಿನಲ್ಲಿ ಕಾಣೆಯಾಯಿತು. ಅದರ ಅವಶೇಷ ಮಾಲ್ವಣದಾಚೆ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ಮನೆಗಳು ಅಷ್ಟೂ ತಿಂಗಳು ಬಾಗಿಲು ನೋಡುತ್ತಾ ಕಳೆದವು. ನಿಮ್ಮ ಚೀಟಿ ನನ್ನ ಹತ್ತಿರ ಇರಲಿ, ನಿನ್ನಮ್ಮನ ಹತ್ತಿರ ಬೇಡ. ಅವಳು ಅರ್ಧ ಗಂಟೆ ತಡವಾದರೂ ಇಡೀ ನೌಕಾಪಡೆಯನ್ನೇ ಕರೆಸಿಯಾಳು.

ಸಾಮಾನಿನ ಪಟ್ಟಿ ನಿಮಗೆ ಎಲ್ಲಿ ಬೇಕಾದರೂ ಸಿಗುತ್ತದೆ, ನಾನು ಎರಡನ್ನೇ ಹೇಳುತ್ತೇನೆ. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ, ಅದರ ಮೇಲೆ ಎರಡು ದಿನದ್ದು ಹೆಚ್ಚಿಗೆ, ಒಂದೇ ಟ್ಯಾಂಕಿನಲ್ಲಲ್ಲ, ಬೇರೆ ಬೇರೆ ಕ್ಯಾನುಗಳಲ್ಲಿ. ಹಳೆಯ ದೋಣಿಯ ಡೀಸೆಲ್ ಟ್ಯಾಂಕಿನ ತಳದಲ್ಲಿ ಕೆಸರಿರುತ್ತದೆ; ದಿನವಿಡೀ ಸುಮ್ಮನಿದ್ದು, ಅಳಿವೆಯ ಅಲೆಗೆ ದೋಣಿ ಕುಲುಕಿದಾಗ ಅದು ಮೇಲೆದ್ದು ಫಿಲ್ಟರಿಗೆ ಹೋಗುತ್ತದೆ, ಎಂಜಿನ್ ಅಲ್ಲೇ ನಿಲ್ಲುತ್ತದೆ. ಹೊರಡುವ ಮುಂಚೆ ಟ್ಯಾಂಕ್ ತೊಳೆಸು, ಫಿಲ್ಟರ್ ಬದಲಿಸುವುದನ್ನು ಮೂವರೂ ಕಲಿಯಿರಿ.

ಮೂವರೂ ಸ್ನೇಹಿತರಾದ್ದರಿಂದ ಇದನ್ನು ಹೇಳಲೇಬೇಕು. ಕಡಲಲ್ಲಿ ಒಬ್ಬನೇ ತಾಂಡೇಲ. ಯಾರು ಅಂತ ದಡದಲ್ಲೇ ತೀರ್ಮಾನಿಸಿ. ‘ಹೋಗೋಣ’ ಅನ್ನುವ ಹಕ್ಕು ಅವನೊಬ್ಬನದು. ‘ಬೇಡ’ ಅನ್ನುವ ಹಕ್ಕು ಮಾತ್ರ ಮೂವರಿಗೂ ಇರಲಿ. ಒಬ್ಬರು ಬೇಡ ಅಂದರೆ ಆ ದಿನ ಅಳಿವೆ ದಾಟುವಂತಿಲ್ಲ, ಕಾರಣ ಕೇಳುವಂತಿಲ್ಲ, ಸಂಜೆ ಗೇಲಿ ಮಾಡುವಂತಿಲ್ಲ. ಹೆದರಿಕೆ ಹೇಳಿಕೊಳ್ಳಲು ನಾಚಿಕೆಯಾಗುವ ದೋಣಿಯಲ್ಲಿ ಹೆದರಿದವನೇ ಎಲ್ಲರಿಗಿಂತ ಮೊದಲು ‘ನುಗ್ಗು’ ಅನ್ನುತ್ತಾನೆ.

ಕೊನೆಯದು, ರಜೆ. ಬೆಂಗಳೂರಿನ ಆಫೀಸಿನಲ್ಲಿ ಎಷ್ಟು ದಿನದ ರಜೆ ಹಾಕಿದ್ದೀಯೋ ನನಗೆ ಗೊತ್ತಿಲ್ಲ. ಸೋಮವಾರ ಕೆಲಸಕ್ಕೆ ಹಾಜರಾಗಬೇಕು ಅನ್ನುವ ಯೋಚನೆ ಭಾನುವಾರ ಸಂಜೆ ನಿನ್ನ ಚುಕ್ಕಾಣಿ ಹಿಡಿಯುತ್ತದೆ. ಆಗ ಇಳಿಯುವ ನೀರೂ ಕಾಣುವುದಿಲ್ಲ, ಮುರಿಯುವ ಅಲೆಯೂ ಕಾಣುವುದಿಲ್ಲ. ಅದಕ್ಕೆ ಹೊರಡುವ ಮೊದಲೇ ಮೂವರೂ ಒಪ್ಪಿಕೊಳ್ಳಿ: ರಜೆ ಮುಗಿದ ದಿನ ದೋಣಿ ಎಲ್ಲಿದೆಯೋ ಅಲ್ಲೇ ಬಿಡುವುದು. ಭಟ್ಕಳವಾದರೆ ಭಟ್ಕಳ, ಗಂಗೊಳ್ಳಿಯಾದರೆ ಗಂಗೊಳ್ಳಿ. ಬಂದರಿನವರಿಗೆ ಹೇಳಿ, ನೋಡಿಕೊಳ್ಳುವವರಿಗೆ ನಾಲ್ಕು ಕಾಸು ಕೊಟ್ಟು, ಹೆದ್ದಾರಿಗೆ ಬಂದು ಬಸ್ಸು ಹತ್ತಿ. ಉಳಿದ ದಾರಿಗೆ ಮುಂದಿನ ತಿಂಗಳು ಬಂದರಾಯಿತು. ‘ಹಡಗಿನವನ ಅಳಿಯ ಬಸ್ಸಲ್ಲಿ ಬಂದ’ ಅಂತ ಊರಲ್ಲಿ ಯಾರಾದರೂ ನಕ್ಕರೆ ನನ್ನ ಹತ್ತಿರ ಕಳಿಸು.

ನಿನ್ನ ಮಾವ